ಕ್ಯಾಲೆಂಡರ್ ಹಾಳೆ ಕೊಟ್ಟವರಿಗೆ, ಬೆಲ್ಲ ಕೊಟ್ಟವರಿಗೆ

ಮೊನ್ನೆ ತಿಂಗಳ ಕೊನೆಯ ದಿನ ನಾನು ನಿವೃತ್ತಿಯಾದೆ. ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಮೈಕ್ ಕೈಗೆ ಬಂದಾಗ ಗಂಟಲು ಕಟ್ಟಿ, ಎರಡು ಮಾತಾಡಿ ಕೂತುಬಿಟ್ಟೆ. ಬಾಕಿ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾಕಂದ್ರೆ ನಾನು ಥ್ಯಾಂಕ್ಸ್ ಹೇಳಬೇಕಾದವರಲ್ಲಿ ಮುಕ್ಕಾಲು ಜನ ಆ ಹಾಲ್‌ನಲ್ಲಿ ಇರಲೇ ಇಲ್ಲ.

ಮಂಡ್ಯದ ನಮ್ಮ ಬೀದಿಯವರಿಗೆ ನನ್ನ ಕೆಲಸ ಏನು ಅಂತ ಕೊನೆವರೆಗೂ ಗೊತ್ತಾಗಲಿಲ್ಲ. ‘ಬ್ಯಾಂಕ್ ಆಡಿಟ್ಟಾ?’ ಅಂತ ಕೇಳುತ್ತಿದ್ದರು. ಆಡಿಟ್ಟೇ, ಆದ್ರೆ ಬ್ಯಾಂಕಿಂದಲ್ಲ. ಬರಕ್ಕೆ, ನೆರೆಗೆ ಅಂತ ಸರ್ಕಾರ ಕೊಟ್ಟ ದುಡ್ಡು ಯಾರ ಕೈ ಸೇರಿತು ಅಂತ ನೋಡುವುದು. ಟ್ಯಾಂಕರ್ ನೀರು, ಮೇವು ಬ್ಯಾಂಕ್, ಬೆಳೆ ಪರಿಹಾರ, ಗಂಜಿ ಕೇಂದ್ರ, ಬಿದ್ದ ಮನೆ. ರಾಜ್ಯ ವಿಪತ್ತು ಪರಿಹಾರ ನಿಧಿಯಲ್ಲಿ 100 ರೂಪಾಯಿ ಇದ್ದರೆ ಕೇಂದ್ರದ್ದು 75, ರಾಜ್ಯದ್ದು 25. ಅದು ಊರು ಸೇರುವ ಹೊತ್ತಿಗೆ ಎಷ್ಟಾಗಿರುತ್ತೆ ಅನ್ನೋದೇ ನಮ್ಮ ಪ್ರಶ್ನೆ.

ಮಂಡ್ಯ ಅಂದ್ರೆ ನಾಲೆ, ಕಬ್ಬು ಅಂತ ಹೊರಗಿನವರು ಅಂದುಕೊಂಡಿರುತ್ತಾರೆ. ನಾಗಮಂಗಲ ಕಡೆ ಬೇಸಿಗೆಯಲ್ಲಿ ಒಮ್ಮೆ ಬಂದು ನೋಡಿ. ಅಲ್ಲಿನ ಒಂದು ಊರಿಗೆ ದಿನಕ್ಕೆ ಎರಡು ಟ್ರಿಪ್ ಟ್ಯಾಂಕರ್ ನೀರು ಹೊಡೆದ ಬಿಲ್ಲು ನನ್ನ ಮುಂದಿತ್ತು. ಏಪ್ರಿಲ್ ತಿಂಗಳದ್ದು, ಒಟ್ಟು 62 ಟ್ರಿಪ್. ಎಲ್ಲ ವೋಚರಿಗೂ ಸೀಲು, ಸಹಿ ಇತ್ತು. ಎರಡು ಸಲ ಕೂಡಿದ ಮೇಲೆ ಹೊಳೆಯಿತು: ಏಪ್ರಿಲ್‌ನಲ್ಲಿ 31ನೇ ತಾರೀಖು ಎಲ್ಲಿಂದ ಬಂತು?

ಊರಿಗೆ ಹೋದೆವು. ‘ಬರ್ತಿತ್ತು’ ಅಂತ ಕೆಲವರು, ‘ಬಂದೇ ಇಲ್ಲ’ ಅಂತ ಕೆಲವರು. ಕೊನೆಗೆ ಒಬ್ಬ ಅಜ್ಜಿ ಒಳಗಿನಿಂದ ಗೋಡೆ ಕ್ಯಾಲೆಂಡರ್ ತಂದರು. ಡೇರಿಗೆ ಹಾಕಿದ ಹಾಲಿನ ಲೆಕ್ಕವನ್ನು ಮೊಮ್ಮಗಳು ಅದರಲ್ಲೇ ಬರೆಯುತ್ತಿದ್ದಳು. ‘ಹಾಲಿಂದು ನೀಲಿ, ನೀರಿಂದು ಕೆಂಪು ಕಣವ್ವ’ ಅಂದರು. ಏಪ್ರಿಲ್ ಹಾಳೆಯಲ್ಲಿ ಕೆಂಪು ಚುಕ್ಕೆ 11. ಒಂದರ ಪಕ್ಕದಲ್ಲಿ ‘ಅರ್ಧ’ ಅಂತ ಬರೆದಿತ್ತು. ಕೇಳಿದ್ದಕ್ಕೆ, ಆವತ್ತು ಪೈಪ್ ಹಿಡಿದು ಜಗಳ ಆಗಿ ಅರ್ಧ ನೀರು ರಸ್ತೆ ಪಾಲಾಯಿತಂತೆ. ಹಾಳೆ ಹರಿದು ನನ್ನ ಕೈಗಿಟ್ಟು, ‘ಆಗೋದ ತಿಂಗಳು ನಂಗ್ಯಾಕೆ, ತಕ್ಕೊಂಡೋಗು’ ಅಂದರು.

ಕ್ಯಾಲೆಂಡರ್ ದಾಖಲೆ ಅಲ್ಲ ಅಂತ ಉತ್ತರ ಬಂತು. ಸರಿ, ಅಲ್ಲ. ಟ್ಯಾಂಕರ್ ಎಳೆಯಿತು ಅಂತ ಬಿಲ್ಲಿನಲ್ಲಿ ತೋರಿಸಿದ್ದ ಟ್ರ್ಯಾಕ್ಟರ್ ನಂಬರ್ ಹಿಡಿದು ಹೊರಟೆವು. ಬಿಹಾರದ ಮೇವು ಹಗರಣದಲ್ಲಿ ಲಾರಿ ಅಂತ ತೋರಿಸಿದ್ದು ಸ್ಕೂಟರ್ ನಂಬರ್ ಅಂತ ಓದಿ ಹಿಂದೊಮ್ಮೆ ನಕ್ಕಿದ್ದೆ. ಇಲ್ಲಿ ಟ್ರ್ಯಾಕ್ಟರ್ ನಿಜವಾಗಿಯೂ ಟ್ರ್ಯಾಕ್ಟರೇ. ಆದರೆ ಆ ದಿನಗಳಲ್ಲಿ ಅದು ಮಂಡ್ಯ ಹತ್ತಿರದ ಆಲೆಮನೆಯೊಂದಕ್ಕೆ ಕಬ್ಬು ಹೊಡೆಯುತ್ತಿತ್ತು. ಆಲೆಮನೆಯವರು ಲೋಡಿನ ಪುಸ್ತಕ ತೆಗೆದು ಮುಂದಿಟ್ಟರು. ಬಿಸಿ ಬೆಲ್ಲದ ಚೂರು ಕೊಡುತ್ತಾ, ‘ಆಡಿಟ್ನೋರು ತಿಂದ್ರೆ ಲಂಚ ಆಯ್ತದಾ ಮೇಡಂ?’ ಅಂತ ಕೇಳಿದರು. ತಿಂದೆ. ಮೂವತ್ತು ಚಿಲ್ಲರೆ ವರ್ಷದ ಸರ್ವಿಸ್ಸಿನಲ್ಲಿ ಒಪ್ಪಿಕೊಳ್ಳಬೇಕಾದ ಲಂಚ ಅದೊಂದೇ.

ಆ ಅಜ್ಜಿಗೂ, ಪುಸ್ತಕ ತೆಗೆದುಕೊಟ್ಟವರಿಗೂ ಕೈಮುಗಿಯುತ್ತೇನೆ. ನಾವು ಬರೆದು ಜೀಪು ಹತ್ತಿ ಬಂದುಬಿಡುತ್ತೇವೆ. ಅವರು ಅದೇ ಊರಲ್ಲಿ ಇರಬೇಕಲ್ವಾ.

ಇನ್ನೊಬ್ಬರಿಗೆ ಥ್ಯಾಂಕ್ಸ್‌ಗಿಂತ ಮೊದಲು ಕ್ಷಮೆ ಕೇಳಬೇಕು. 2019ರ ಆಗಸ್ಟ್‌ನಲ್ಲಿ ಕಬಿನಿ ಉಕ್ಕಿ ನಂಜನಗೂಡು ಕಡೆ ನೀರು ನುಗ್ಗಿತ್ತಲ್ಲ, ಆಗ ಒಬ್ಬ ಗ್ರಾಮ ಲೆಕ್ಕಿಗರು ರಾತ್ರೋರಾತ್ರಿ ಅಂಗಡಿ ಬಾಗಿಲು ತಟ್ಟಿ ಅಕ್ಕಿ, ಹಾಲು, ಹೊದಿಕೆ ತಂದಿದ್ದರು. ಕೊಟೇಶನ್ ಇಲ್ಲ, ಬಿಳಿ ಚೀಟಿಯ ಬಿಲ್ಲು. ನಾನು ಆಕ್ಷೇಪಣೆ ಬರೆದೆ. ಅವರ ಸಂಬಳದಿಂದ ವಸೂಲಿ ಶುರುವಾಯಿತು. ಪ್ರಕೃತಿ ವಿಕೋಪ ಅಂತ ಸರ್ಕಾರ ಘೋಷಿಸಿದಾಗ ಟೆಂಡರ್ ಬೇಡ ಅಂತ ನಮ್ಮ ರಾಜ್ಯದ 1999ರ ಸರ್ಕಾರಿ ಖರೀದಿ ಪಾರದರ್ಶಕ ಕಾಯ್ದೆಯ 4(ಎ) ಕಲಮು ಹೇಳುತ್ತೆ. ನನಗದು ಬಾಯಿಪಾಠ. ಆದರೂ ಚೀಟಿ ನೋಡಿ ಸಿಟ್ಟು ಬಂದಿತ್ತು, ಅಷ್ಟೇ. ಆಮೇಲೆ ಆಕ್ಷೇಪಣೆ ಕೈಬಿಡಬೇಕು ಅಂತ ನಾನೇ ಟಿಪ್ಪಣಿ ಬರೆದೆ, ದುಡ್ಡೂ ವಾಪಸ್ ಹೋಯಿತು. ಅವರನ್ನು ನೋಡಲು ಹೋದಾಗ, ‘ಒಂದೂವರೆ ವರ್ಷ ಮನೇಲೇ ನನ್ನ ಕಳ್ಳನ ಥರ ನೋಡಿದ್ರು ಮೇಡಂ’ ಅಂದರು. ಉತ್ತರ ಇರಲಿಲ್ಲ.

ಅವತ್ತು ಅವರು ಟೀ ಕುಡಿಸಿ ಇನ್ನೊಂದು ಮಾತು ಹೇಳಿದರು. ‘ಪಟ್ಟಿಯಲ್ಲಿ ಇರೋರನ್ನ ನೋಡ್ತೀರಿ, ಇಲ್ಲದೋರನ್ನ ಯಾವಾಗ ನೋಡ್ತೀರಿ?’ ಬೆಳೆ ಪರಿಹಾರ ಹೋಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ, ಅದೂ ಎರಡು ಹೆಕ್ಟೇರ್‌ವರೆಗೆ. ಬೇರೆಯವರ ಜಮೀನನ್ನು ವಾರಕ್ಕೆ (ಬೆಳೆಯ ಪಾಲಿಗೆ), ಗುತ್ತಿಗೆಗೆ ಮಾಡುವವರು ಪಟ್ಟಿಯಲ್ಲೇ ಇರುವುದಿಲ್ಲ. ಪೌತಿ ಖಾತೆ ಆಗದೆ ಪಹಣಿ ಇನ್ನೂ ಸತ್ತ ತಾತನ ಹೆಸರಲ್ಲೇ ಇದ್ದರೆ ಮೊಮ್ಮಕ್ಕಳಿಗೂ ಇಲ್ಲ. ಅಲ್ಲಿಂದಾಚೆ ನಮ್ಮ ಆಡಿಟ್ ತಂಡ ಯಾವ ಊರಿಗೆ ಹೋದರೂ ಮೊದಲು ಕೇಳುತ್ತಿದ್ದುದು, ‘ಯಾರಿಗೆ ಬಂದಿಲ್ಲ?’ ಈ ಪ್ರಶ್ನೆ ನನ್ನದಲ್ಲ, ಅವರದ್ದು.

ನಡುವೆ ನನ್ನ ಮೇಲೆ ಒಂದು ಮೂಕರ್ಜಿ, ಅಂದ್ರೆ ಹೆಸರಿಲ್ಲದ ದೂರು, ಬಿತ್ತು. 14 ತಿಂಗಳು ವಿಚಾರಣೆ. ಏನೂ ಸಿಗಲಿಲ್ಲ. ಆ ದಿನಗಳ ಬಗ್ಗೆ ಜಾಸ್ತಿ ಬರೆಯಲಾರೆ. ಫೋನ್ ಎತ್ತದವರೂ ಇದ್ದರು. ಮೈಸೂರಿಗೆ ವಿಚಾರಣೆಗೆ ಹೋಗುವಾಗೆಲ್ಲ ರಜೆ ಹಾಕಿ ಜೊತೆಗೆ ಬಂದು, ಸುಮ್ನೆ ಹೊರಗಿನ ಬೆಂಚಿನ ಮೇಲೆ ಪೇಪರ್ ಓದುತ್ತಾ ಕೂತಿರುತ್ತಿದ್ದ ಇಬ್ಬರು ಸಹೋದ್ಯೋಗಿಗಳಿದ್ದರು. ಓದುತ್ತಿದ್ದುದು ಒಂದೇ ಪುಟ ಅಂತ ನನಗೆ ಗೊತ್ತು ಕಣ್ರಪ್ಪ. ಮನೆಯವರಿಗೂ ಥ್ಯಾಂಕ್ಸ್. ದಿನಸಿ ಚೀಟಿ ಕೂಡಿ, ಕಳೆದು, ‘ಇದೇನು 18 ರೂಪಾಯಿ?’ ಅಂತ ಕೇಳುವ ನನ್ನನ್ನು ಇಷ್ಟು ವರ್ಷ ಸಹಿಸಿದರು.

ಅಂದಹಾಗೆ, ನನ್ನ ಪೆನ್ಷನ್ ಫೈಲಿಗೆ ನಿನ್ನೆ ಆಕ್ಷೇಪಣೆ ಬಂದಿದೆ. ಆಧಾರ್‌ನಲ್ಲಿ ಒಂದು ಥರ, ಸರ್ವಿಸ್ ಪುಸ್ತಕದಲ್ಲಿ ಇನ್ನೊಂದು ಥರ ನನ್ನ ಹೆಸರು ಇದೆಯಂತೆ. 15 ದಿನದೊಳಗೆ ಅನುಪಾಲನಾ ವರದಿ ಕೊಡಬೇಕು. ಸರಿಯಾಗಿಯೇ ಹಿಡಿದಿದ್ದಾರೆ.