ಬಸೂಗೊಂದು ಪತ್ರ: 'ಪುರಾನಾ ಮಂದಿರ್' ನೆಪದಲ್ಲಿ

ಡೊಂಬಿವಲಿ

ಪ್ರೀತಿಯ ಬಸು,

ನಿನ್ನ ದೆವ್ವದ ಸಿನಿಮಾಕ್ಕೆ ದುಡ್ಡು ಸಾಲುತ್ತಿಲ್ಲ ಅಂತ ಮೊನ್ನೆ ಫೋನಿನಲ್ಲಿ ಒದ್ದಾಡುತ್ತಿದ್ದೆಯಲ್ಲ, ಆಗ ನಾನು 'ಪುರಾನಾ ಮಂದಿರ್' ನೋಡು ಅಂದೆ. "ದೆವ್ವದ ಪಿಚ್ಚರ್ ತೆಗೆಯುತ್ತಿದ್ದ ಆ ರಾಮ್ಸೇ ಅಣ್ಣತಮ್ಮಂದಿರದಾ?" ಅಂತ ನೀನು ಮಾತು ಅಲ್ಲಿಗೇ ಮುರಿದೆ. ಹಾಗೆ ತಳ್ಳಿಹಾಕುವ ಸಿನಿಮಾ ಅಲ್ಲ ಅದು. ಮತ್ತೊಮ್ಮೆ ಕೂತು ನೋಡಿ ಇದನ್ನು ಬರೆಯುತ್ತಿದ್ದೇನೆ.

1984ರ ಹಿಂದಿ ಚಿತ್ರ. ಕತೆ ಬೇರು ಬಿಟ್ಟಿರುವುದು ನಮ್ಮ ಬಿಜಾಪುರದಲ್ಲೇ! ಇನ್ನೂರು ವರ್ಷದ ಹಿಂದೆ ಸಾಮ್ರಿ ಎಂಬ ಮಾಂತ್ರಿಕನ ತಲೆಯನ್ನು ರಾಜ ಕಡಿಸುತ್ತಾನೆ. ರುಂಡ ಪೆಟ್ಟಿಗೆಯಲ್ಲಿ, ಮುಂಡ ಹಳೇ ಗುಡಿಯ ಹಿಂದೆ ಮಣ್ಣಿನಲ್ಲಿ. ಸಾಯುವ ಮುಂಚೆ ಅವನು ಕೊಟ್ಟ ಶಾಪ: ರಾಜನ ವಂಶದ ಹೆಣ್ಣುಮಕ್ಕಳು ಹೆರಿಗೆಯಲ್ಲೇ ಸಾಯಬೇಕು.

ಆ ಶಾಪವೇ ಚಿತ್ರದ ಜೀವ. ಅದೇ ವಂಶದ ಈಗಿನ ಕಾಲದ ಠಾಕೂರ (ಪ್ರದೀಪ್ ಕುಮಾರ್) ಮಗಳು ಸುಮನ್‌ಳ ಪ್ರೀತಿಗೆ ಅಡ್ಡ ನಿಲ್ಲುತ್ತಾನೆ. ಹುಡುಗ ಬಡವ ಅಂತ ಇರಬೇಕು ಅಂದುಕೊಳ್ಳುತ್ತೇವೆ. ನಿಜಸಂಗತಿ ಏನೆಂದರೆ, ಮದುವೆಯಾದರೆ ಮಗಳು ಬಸಿರಾಗುತ್ತಾಳೆ, ಬಸಿರಾದರೆ ಸಾಯುತ್ತಾಳೆ. ಈ ಹೆದರಿಕೆಗೆ ಯಾವ ಮೇಕಪ್ಪೂ ಬೇಕಿಲ್ಲ. ನನ್ನ ಜೊತೆ ಚಿಗವ್ವನೂ ಕೂತಿದ್ದಳು. ಸಾಮ್ರಿ ಕಿರುಚಿದಾಗಲೆಲ್ಲ ಅವಳ ಪಾಡಿಗೆ ಅವಳು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಹೆರಿಗೆಯ ಮಾತು ಬಂದಾಗ ಮಾತ್ರ ಕೈ ನಿಂತಿತು. "ಬಂದ್ ಮಾಡೋ, ಸಾಕದು" ಅಂದಳು. ಅವಳ ತಂಗಿ ಹೋಗಿದ್ದು ಹಾಗೇ ಅಂತ ನಿನಗೂ ಗೊತ್ತು.

ಇನ್ನು ದುಡ್ಡಿನ ಮಾತು. ರಾಮ್ಸೇಗಳದು ದೇಶ ಒಡೆದಾಗ ಕರಾಚಿಯಿಂದ ಮುಂಬೈಗೆ ಬಂದ ಕುಟುಂಬ, ಅಪ್ಪನದು ರೇಡಿಯೋ ಅಂಗಡಿ. ಏಳು ಜನ ಅಣ್ಣತಮ್ಮಂದಿರು ಕೆಲಸ ಹಂಚಿಕೊಂಡರು: ಕುಮಾರ್ ಬರವಣಿಗೆ, ಗಂಗೂ ಕ್ಯಾಮೆರಾ, ಕಿರಣ್ ಧ್ವನಿ, ಅರ್ಜುನ್ ಎಡಿಟಿಂಗ್, ತುಳಸಿ ಮತ್ತು ಶ್ಯಾಮ್ ನಿರ್ದೇಶನ, ಹೀಗೆ. 1972ರಲ್ಲಿ ಮಹಾಬಳೇಶ್ವರದ ಸರ್ಕಾರಿ ಗೆಸ್ಟ್ ಹೌಸಿನಲ್ಲೇ ತಂಗಿ, ಅಲ್ಲೇ ಶೂಟಿಂಗ್ ಮಾಡಿ ಒಂದು ದೆವ್ವದ ಚಿತ್ರ ಮುಗಿಸಿದ್ದರು. ಸೆಟ್ ಹಾಕುವ ಖರ್ಚೇ ಇಲ್ಲ.

'ಪುರಾನಾ ಮಂದಿರ್'ನಲ್ಲೂ ಕಣ್ಣಿಗೆ ಕಟ್ಟುವುದೆಲ್ಲ ಅಗ್ಗದ್ದೇ. ಕತ್ತಲು, ಹೊಗೆ, ಕೆಂಪು ನೀಲಿ ಬೆಳಕು. ಹವೇಲಿಯ ಒಂದು ಮೂಲೆಯಲ್ಲಿ ಮಾತ್ರ ಬೆಳಕು ಬಿಟ್ಟು ಉಳಿದದ್ದನ್ನು ಕತ್ತಲಿಗೇ ಬಿಟ್ಟುಕೊಟ್ಟಿದ್ದಾನೆ ಗಂಗೂ. ಆ ಕತ್ತಲಿನೊಳಗಿಂದ ಬರುವ ಮುಖ ಸಾಮ್ರಿಯಾಗಿ ನಟಿಸಿದ ಅನಿರುದ್ಧ್ ಅಗರ್‌ವಾಲ್‌ನದು. ರೂರ್ಕಿಯಲ್ಲಿ ಇಂಜಿನಿಯರಿಂಗ್ ಓದಿದ ಮನುಷ್ಯ, ಆಳೆತ್ತರ ಮೀರಿದ ದೇಹ, ಉದ್ದ ದವಡೆ, ಗುಳಿಬಿದ್ದ ಕಣ್ಣು. ಅವನು ಓಡುವುದಿಲ್ಲ. ಸುಮ್ಮನೆ ನಿಂತು ನೋಡುತ್ತಾನೆ, ನಮಗೆ ಹಿಂದೆ ಸರಿಯಬೇಕು ಅನ್ನಿಸುತ್ತದೆ. ಸರಿಯಾದ ಮುಖ ಹುಡುಕಿದರೆ ಅರ್ಧ ಸಿನಿಮಾ ಆದಂತೆ, ಬಸು.

ಹಾಗಾದರೆ ಕೆಟ್ಟದ್ದೆಲ್ಲಿ? ದುಡ್ಡು ಸುರಿದ ಕಡೆ. ಜಗದೀಪ್ ಮಚ್ಛರ್ ಸಿಂಗ್ ಆಗಿ ಡಕಾಯಿತರ ದಂಡು ಕಟ್ಟಿಕೊಂಡು ಬರುತ್ತಾನೆ. ವೇಷ, ಪರಿವಾರ, ಉದ್ದುದ್ದ ಡೈಲಾಗು. ಜಗದೀಪ್ ದೊಡ್ಡ ನಟ, ಆ ಬಗ್ಗೆ ತಕರಾರಿಲ್ಲ. ಆದರೆ ಈ ಹಾಸ್ಯಕ್ಕೂ ಶಾಪಕ್ಕೂ ಏನೂ ಸಂಬಂಧವಿಲ್ಲ. ಹವೇಲಿಯಲ್ಲಿ ಉಸಿರು ಬಿಗಿಹಿಡಿದು ಕೂತವರನ್ನು ಎಳೆದು ಹೊರಗೆ ತಂದು ನಗು ಅಂದರೆ, ಮತ್ತೆ ಒಳಗೆ ಹೋಗುವಾಗ ಆ ಬಿಗಿ ಉಳಿದಿರುವುದಿಲ್ಲ. ಹಾಡುಗಳೂ ಅಷ್ಟೇ, ಅಜಿತ್ ಸಿಂಗ್ ಅವರ ರಾಗ ಕಿವಿಗೆ ಇಂಪು, ಕತೆಗೆ ಭಾರ.

ಇನ್ನೊಂದು ನನಗೆ ಸಹಿಸಲಾಗದ್ದು. ಹೆಣ್ಣಿನ ಮೈಯ ಸಂಕಟವನ್ನೇ ಕತೆಯ ಬೇರು ಮಾಡಿಕೊಂಡು, ಆಮೇಲೆ ಅದೇ ಹೆಣ್ಣಿನ ಮೈಯನ್ನು ಗಲ್ಲಾಪೆಟ್ಟಿಗೆಗೆ ಅಂತ ತೋರಿಸುವುದು. ಶಾಪ ಇರುವುದು ಸುಮನ್ ಮೇಲೆ, ಆದರೆ ಅವಳಿಗೆ ಹೇಗನ್ನಿಸುತ್ತದೆ ಅಂತ ಕ್ಯಾಮೆರಾ ಕೇಳುವುದೇ ಇಲ್ಲ. ಕೇಳಿದ್ದರೆ ಇದು ಬೇರೆಯದೇ ಮಟ್ಟದ ಚಿತ್ರ ಆಗುತ್ತಿತ್ತು.

ಇನ್ನು ಬಿಜಾಪುರ. ಹೆಸರೊಂದು ಬಿಟ್ಟರೆ ನಮ್ಮೂರಿನದು ಏನೂ ಇಲ್ಲ. ಗೋಳಗುಮ್ಮಟ ಬೇಡ, ಒಂದು ಬಾವಡಿಯಾದರೂ? ಠಾಕೂರರ ಹವೇಲಿ ನಮ್ಮ ಕಡೆ ಎಲ್ಲಿಂದ ಬರಬೇಕು? ನಮ್ಮಲ್ಲಿರುವುದು ದೇಸಾಯರ ವಾಡೆ, ಕಲ್ಲಿನ ಗೋಡೆ, ಒಳಗಿನ ಹಗೇವು. ಜೋಳ ತುಂಬುವ ಆ ಹಗೇವಿಗೆ ಇಳಿಯುವುದಕ್ಕೆ ನಾವಿಬ್ಬರೂ ಎಷ್ಟು ಹೆದರುತ್ತಿದ್ದೆವು! ರಾಮ್ಸೇಗಳಿಗೆ ಅದು ಗೊತ್ತಿರಲಿಲ್ಲ, ನಿನಗೆ ಗೊತ್ತಿದೆ.

ಅದಕ್ಕೇ ಡ್ರೋನು, ಗ್ರಾಫಿಕ್ಸು ಅಂತ ಸಾಲ ಮಾಡಬೇಡ. ನಿನ್ನ ಸ್ಕ್ರಿಪ್ಟಿನಲ್ಲಿ ಕಾಮಿಡಿಗೆ ಅಂತ ಇಟ್ಟಿರುವ ಆ ಇಬ್ಬರು ಕಾನ್‌ಸ್ಟೇಬಲ್‌ಗಳನ್ನು ತೆಗೆದುಬಿಡು, ಮೂರು ದಿನದ ಶೂಟಿಂಗ್ ಉಳಿಯುತ್ತದೆ. ಮತ್ತೆ ಆ ಅಜ್ಜಿ ವಾಡೆಯ ಹಿಂಬಾಗಿಲು ತೆರೆಯಲು ಯಾಕೆ ಹೆದರುತ್ತಾಳೆ? ನೀನು ಕಳಿಸಿದ ಪ್ರತಿಯಲ್ಲಿ ಅದಕ್ಕೆ ಕಾರಣವೇ ಇಲ್ಲ. ಮೊದಲು ಅದನ್ನು ಬರೆದು ಕಳಿಸು, ಉಳಿದದ್ದು ದೀಪಾವಳಿಗೆ ಊರಿಗೆ ಬಂದಾಗ ಮಾತಾಡೋಣ. ಅವ್ವನಿಗೆ ನಮಸ್ಕಾರ ಹೇಳು.

ನಿನ್ನ,
ಗುರು