ಬೆಂಗಳೂರನ್ನು ಪಾಯಿಂಟ್ ಲೆಕ್ಕದಲ್ಲಿ ನೋಡಬೇಡಿ

ಮಾನ್ಯರೇ,

ಶಾಲೆಗೆ ರಜೆ ಬಿದ್ದ ಕೂಡಲೇ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯಿಂದ ಟಿಟಿ ಮಾಡಿಕೊಂಡು ಬೆಂಗಳೂರು ನೋಡಲು ಹೊರಡುವವರು ಬಹಳ. ಒಂದೇ ದಿನಕ್ಕೆ ಬನ್ನೇರುಘಟ್ಟ, ಲಾಲ್‌ಬಾಗ್, ವಿಧಾನಸೌಧ, ಇಸ್ಕಾನ್, ಸಾಲದ್ದಕ್ಕೆ ಒಂದು ಮಾಲ್. ಅರ್ಧ ದಿನ ಸಿಗ್ನಲ್‌ಗೆ, ಉಳಿದದ್ದು ಪಾರ್ಕಿಂಗ್ ಹುಡುಕುವುದಕ್ಕೆ ಹೋಗುತ್ತದೆ. ಲಾಲ್‌ಬಾಗ್ ಬಂಡೆ ಹತ್ತುವಾಗ ಸರಿಯಾಗಿ ಮಧ್ಯಾಹ್ನ ಹನ್ನೆರಡು. ಬಂಡೆ ಕಾದ ಕಾವಲಿಯಾಗಿರುತ್ತದೆ.

ಬೆಂಗಳೂರು ತಂಪು ಊರು ಎಂಬ ಹಳೇ ಮಾತನ್ನು ಏಪ್ರಿಲ್‌ನಲ್ಲಿ ನೆಚ್ಚಿಕೊಳ್ಳಬಾರದು. 2016ರ ಏಪ್ರಿಲ್‌ನಲ್ಲಿ ಅಲ್ಲಿ 39.2 ಡಿಗ್ರಿ ದಾಖಲಾಗಿದೆ. ನಮ್ಮ ಕಡೆ ಸೆಖೆಗೆ ಬೆವರು ಇಳಿಯುವುದು ಗೊತ್ತಾಗುತ್ತದೆ. ಅಲ್ಲಿನ ಒಣಗಾಳಿಗೆ ಬೆವರು ಬಂದಲ್ಲೇ ಆರುತ್ತದೆ, ನೀರು ಕುಡಿಯಬೇಕೆಂದು ತೋಚುವುದೇ ಇಲ್ಲ. ಆದ್ದರಿಂದ ಹತ್ತು ಗಂಟೆಯೊಳಗೆ ಮತ್ತು ನಾಲ್ಕರ ಮೇಲೆ ಮಾತ್ರ ಬೀದಿ, ನಡುವೆ ಸೂರಿನಡಿ. ಊರನ್ನು ಬಡಾವಣೆ ಲೆಕ್ಕದಲ್ಲಿ, ಮೆಟ್ರೊ ಹಿಡಿದು ನೋಡಬೇಕು.

ತಾಳಗುಪ್ಪ–ಮೈಸೂರು ರಾತ್ರಿ ರೈಲು ಬೆಳಕು ಹರಿಯುವ ಮೊದಲೇ ಮೆಜೆಸ್ಟಿಕ್ ಮುಟ್ಟಿಸುತ್ತದೆ. ಲಗೇಜನ್ನು ನಿಲ್ದಾಣದ ಕ್ಲೋಕ್ ರೂಮಿನಲ್ಲಿಡಬಹುದು, ಆದರೆ ಬೀಗ ಹಾಕದ ಬ್ಯಾಗ್ ತೆಗೆದುಕೊಳ್ಳುವುದಿಲ್ಲ. ನೆಂಟರಿಗೆಂದು ಹಲಸಿನಕಾಯಿ, ಅಪ್ಪೆಮಿಡಿ ಜಾಡಿ ಹೊತ್ತವರು ಪರದಾಡುವುದು ಇಲ್ಲೇ. ಭಾನುವಾರ ಮೆಟ್ರೊ ಶುರುವಾಗುವುದು ಏಳಕ್ಕೆ, ಹಾಗಾಗಿ ವಾರದ ದಿನ ಇಳಿಯುವುದೇ ಲೇಸು.

ಹಸಿರು ಮಾರ್ಗದಲ್ಲಿ 'ರೇಷ್ಮೆ ಸಂಸ್ಥೆ' ಎಂಬ ಬೋರ್ಡಿನ ರೈಲು ಹತ್ತಿ. 'ಮಾದಾವರ'ದ್ದು ಎದುರು ದಿಕ್ಕಿಗೆ ಹೋಗುತ್ತದೆ. ಲಾಲ್‌ಬಾಗ್‌ನಲ್ಲಿ ಇಳಿದರೆ ಮೊದಲು ಬಂಡೆ ಹತ್ತಿ, ಗಾಜಿನಮನೆ ಆಮೇಲೆ. 1889ರ ಆ ಗಾಜಿನಮನೆಯ ಸುತ್ತ ಮರದ ನೆರಳಿದೆ, ಬಂಡೆಗೆ ಇಲ್ಲ. ಅಲ್ಲಿಂದ ಬಸವನಗುಡಿಯ ಗಾಂಧಿಬಜಾರಿಗೆ ನಡೆದೇ ಹೋಗಬಹುದು. ಈ ಬಸವನಗುಡಿ, ಆಚೆ ಮಲ್ಲೇಶ್ವರ ಎರಡೂ 1898ರ ಪ್ಲೇಗಿನ ನಂತರ ಜನರನ್ನು ಇಕ್ಕಟ್ಟಿನಿಂದ ಹೊರತರಲು ಎಬ್ಬಿಸಿದ ಬಡಾವಣೆಗಳು.

ಆ ಇಕ್ಕಟ್ಟು ಹೇಗಿತ್ತೆಂದು ತಿಳಿಯಲು ಮರುದಿನ ಬೆಳಿಗ್ಗೆ ಪೇಟೆಗೆ ಹೋಗಬೇಕು. ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣದಲ್ಲಿಳಿದು ಏಳರೊಳಗೆ ಹೂವಿನ ಮಾರುಕಟ್ಟೆ ಹೊಕ್ಕರೆ ಸೇವಂತಿಗೆ, ಕನಕಾಂಬರ, ಗುಲಾಬಿ ರಾಶಿರಾಶಿ. ನೆಲವೆಲ್ಲ ನೀರು, ಎಲೆ, ದಂಟು. ನುಣುಪು ಅಟ್ಟೆಯ ಚಪ್ಪಲಿ ಜಾರುತ್ತದೆ. ಪಕ್ಕದಲ್ಲೇ ಕೋಟೆ, ಕೋಟೆ ವೆಂಕಟರಮಣ ದೇವಸ್ಥಾನ, 1791ರಲ್ಲಿ ಮುಗಿದ ಟಿಪ್ಪುವಿನ ತೇಗದ ಅರಮನೆ. ಚಿಕ್ಕಪೇಟೆಯಲ್ಲಿ ಮಾರವಾಡಿ, ತೆಲುಗು, ತಮಿಳು, ದಖನಿ ಉರ್ದು ಎಲ್ಲವೂ ಕಿವಿಗೆ ಬೀಳುತ್ತವೆ. ಅಲ್ಲಿ ಕನ್ನಡ ನಡೆಯುವುದಿಲ್ಲ ಎನ್ನುವುದು ಹೆಚ್ಚಾಗಿ ಮೊದಲೇ ಹಿಂದಿಗೆ ಜಾರುವವರ ಮಾತು. ಚೈತ್ರ ಹುಣ್ಣಿಮೆಗೆ ಸಿಕ್ಕರಂತೂ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಹೊರಡುವ ಕರಗ ನೋಡಿ. ರಾತ್ರಿಯಿಡೀ ಪೇಟೆ ಸುತ್ತುವ ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತದೆ. ಆ ರಾತ್ರಿ ಪೇಟೆ ಬೀದಿಗಳಲ್ಲಿ ಗಾಡಿ ಓಡುವುದಿಲ್ಲ. ಹತ್ತಿರದಲ್ಲೇ ರೂಮು ಮಾಡಿ.

ಮಧ್ಯಾಹ್ನಕ್ಕೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಸರಿ, ಮಕ್ಕಳಿಗೆ ಅರ್ಧ ದಿನವೂ ಸಾಲದು. ಸಂಜೆ ದಂಡು ಪ್ರದೇಶ: ಶಿವಾಜಿನಗರದಲ್ಲಿ 1927ರ ರಸೆಲ್ ಮಾರುಕಟ್ಟೆ, ಅಲ್ಲೇ ಸೇಂಟ್ ಮೇರಿ ಬೆಸಿಲಿಕಾ. ಹಲಸೂರಿನಲ್ಲಿ ಸೋಮೇಶ್ವರ ದೇವಸ್ಥಾನ, ಕೆರೆಯ ಬಳಿ ಗುರುದ್ವಾರ. ಇವಕ್ಕೆ ಒಂದು ಸಂಜೆ ಸಾಕೇ ಎಂದರೆ ಸಾಲದು, ಒಂದನ್ನು ಬಿಡಿ.

ಏಪ್ರಿಲ್, ಮೇ ಸಂಜೆಯ ಗುಡುಗುಮಳೆಗೆ ಮೋಡ ಕಟ್ಟಿತೆಂದರೆ ಆಟೊ ಸಿಗುವುದಿಲ್ಲ, ಮೆಟ್ರೊ ನಿಲ್ದಾಣ ಸೇರಿಕೊಳ್ಳಿ. ಕಾರಿನಲ್ಲಿದ್ದರೆ ನೀರು ನಿಂತ ಅಂಡರ್‌ಪಾಸಿಗೆ ಇಳಿಯಲೇಬೇಡಿ. 2023ರ ಮೇ ತಿಂಗಳಲ್ಲಿ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಹೀಗೆಯೇ ಒಂದು ಜೀವ ಹೋಯಿತು.

ಶಕ್ತಿ ಯೋಜನೆ ಬಿಎಂಟಿಸಿಯ ಸಾಮಾನ್ಯ ಬಸ್ಸಿಗೂ ಉಂಟು, ಎಸಿ ಬಸ್ಸಿಗೆ ಇಲ್ಲ. ಹೆಂಗಸರು ಆಧಾರ್ ತೋರಿಸಿ ಶೂನ್ಯ ಟಿಕೆಟ್ ಕೇಳಿ ಪಡೆಯಬೇಕು.

ರಜೆಯ ದಿನಗಳಲ್ಲಿ ಪ್ರವಾಸಿ ತಾಣಗಳ ಪಟ್ಟಿ ಪ್ರಕಟಿಸುವಾಗ ತಮ್ಮ ಪತ್ರಿಕೆ ವಾರದ ರಜೆಯನ್ನೂ ಜೊತೆಗೆ ಹಾಕಬೇಕೆಂದು ವಿನಂತಿ. ಬನ್ನೇರುಘಟ್ಟ ಮಂಗಳವಾರ ಮುಚ್ಚಿರುತ್ತದೆ, ನೆಹರು ತಾರಾಲಯ ಸೋಮವಾರ, ಗಾಂಧಿಬಜಾರಿನ ವಿದ್ಯಾರ್ಥಿ ಭವನ ಶುಕ್ರವಾರ.

– ಓದುಗ, ದುರ್ಗಿಗುಡಿ, ಶಿವಮೊಗ್ಗ