ಹೊಸ ನರ್ಸ್‌ಗೆ ಕಾಗದ ಕೊಟ್ಟರಾಯಿತೇ, ಕಲಿಸುವವರು ಯಾರು?

ಮಾನ್ಯ ಸಂಪಾದಕರೇ,

ಕಳೆದ ವಾರ ನನ್ನ ತಂಗಿಯ ಮಗಳು ಬೆಂಗಳೂರಿನಿಂದ ಫೋನ್ ಮಾಡಿದಳು. 'ದೊಡ್ಡಮ್ಮ, ನನ್ನ ಕೆಲಸ ಹೋಗೋ ಹಾಗಿದೆ' ಎಂದಳು. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಅಲ್ಲಿನ ಒಂದು ಖಾಸಗಿ ಆಸ್ಪತ್ರೆಗೆ ಸೇರಿ ನಾಲ್ಕು ತಿಂಗಳಾಗಿದೆ. ಇನ್ನೂ ಪ್ರೊಬೇಷನ್. ಈಗ ಒಂದು ಕಾಗದ ಕೈಗೆ ಕೊಟ್ಟಿದ್ದಾರೆ. ಕೆಲಸ ತೃಪ್ತಿಕರವಾಗಿಲ್ಲ, 30 ದಿನದೊಳಗೆ ಸುಧಾರಿಸದಿದ್ದರೆ ತೆಗೆಯುತ್ತೇವೆ ಅಂತ. ಏನು ಸುಧಾರಿಸಬೇಕು, ಯಾರು ಕಲಿಸುತ್ತಾರೆ ಎಂಬ ಬಗ್ಗೆ ಒಂದು ಸಾಲೂ ಇಲ್ಲ.

ನಾನು 33 ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಈಗ ಶುಶ್ರೂಷಾಧಿಕಾರಿ ಅಂತಾರೆ, ನಮ್ಮನ್ನು ಕೊನೆಯ ದಿನದವರೆಗೂ ಸಿಸ್ಟರ್ ಅಂತಲೇ ಕರೆದರು. ನಮ್ಮ ಹುಡುಗಿ ಅಂತ ಸುಮ್ನೆ ಪರ ವಹಿಸುವವಳಲ್ಲ. ಏನೇನು ತಪ್ಪಾಗಿದೆ, ಮುಚ್ಚಿಡದೆ ಹೇಳು ಎಂದೆ. ರಾತ್ರಿ ಎಂಟರ ಆಂಟಿಬಯೋಟಿಕ್ ಒಂಬತ್ತೂವರೆಗೆ ಕೊಟ್ಟಿದ್ದಾಳೆ. ಡ್ಯೂಟಿ ಮುಗಿದ ಮೇಲೂ ಕೂತು ಚಾರ್ಟ್ ಬರೆಯುತ್ತಾಳೆ. ಒಬ್ಬ ಅಜ್ಜಿಗೆ ನರ ಸಿಗದೆ ಮೂರು ಸಲ ಚುಚ್ಚಿ, ಅವರ ಮಗನ ಕೈಲಿ ಬೈಸಿಕೊಂಡಿದ್ದಾಳೆ. ಹೊಸಬರ ಪಾಡೇ ಇದು.

ಆದರೆ ಇನ್ನೊಂದು ಕೇಳಿ ಎದೆ ಧಸಕ್ಕೆಂದಿತು. ಬೆಳಗಿನ ಇನ್ಸುಲಿನ್. ಬಾಟಲಿ 40ರದು, ಅಂದರೆ ಒಂದು ಎಂ.ಎಲ್.ಗೆ 40 ಯೂನಿಟ್. ಕೈಗೆ ಸಿಕ್ಕ ಸಿರಿಂಜ್ 100ರದು, ಅಂದರೆ ಎಂ.ಎಲ್.ಗೆ 100 ಯೂನಿಟ್ ಇರುವ ಬಾಟಲಿಗೆ ಗೆರೆ ಹಾಕಿದ್ದು. 20 ಯೂನಿಟ್ ಕೊಡಬೇಕು ಅಂತ 20ರ ಗೆರೆಗೆ ಎಳೆದಿದ್ದಳು. ಅಂದರೆ ಅದರಲ್ಲಿದ್ದದ್ದು ಬರೀ 8 ಯೂನಿಟ್. ಏನೋ ಕೇಳಲು ಬಂದ ಪಕ್ಕದ ವಾರ್ಡಿನ ಸಿಸ್ಟರ್ ನೋಡಿ ತಡೆದರು. ಇದೇ ಉಲ್ಟಾ ಆಗಿ, 100ರ ಇನ್ಸುಲಿನ್ನನ್ನು 40ರ ಸಿರಿಂಜಿಗೆ ಎಳೆದಿದ್ದರೆ 20ರ ಜಾಗದಲ್ಲಿ 50 ಹೋಗುತ್ತಿತ್ತು. ಜೀವಕ್ಕೇ ಕುತ್ತು. ಸಿರಿಂಜಿಗೆ ಕೆಂಪು ಮುಚ್ಚಳ ಇದ್ದರೆ 40, ಕಿತ್ತಳೆ ಮುಚ್ಚಳ ಇದ್ದರೆ 100. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬೇಕು. ಫೋನಿನಲ್ಲೇ ಬೈದೆ. ಅತ್ತಳು. ಬೈದದ್ದು ತಪ್ಪು ಅಂತ ನನಗೆ ಈಗಲೂ ಅನ್ನಿಸಿಲ್ಲ.

ಆಮೇಲೆ ಕೇಳಿದೆ, ಆ ರಾತ್ರಿ ವಾರ್ಡಿನಲ್ಲಿ ಎಷ್ಟು ಜನ ಪೇಷಂಟ್? ಹದಿನಾಲ್ಕು. ನರ್ಸ್? ಇವಳೊಬ್ಬಳೇ. ಇನ್ನೊಬ್ಬರು ರಜೆ. ಸೇರಿದಾಗ ಟ್ರೈನಿಂಗ್ ಎಷ್ಟು ದಿನ ಕೊಟ್ಟರು? ಐದು ದಿನ. ಅದರಲ್ಲಿ ಎರಡು ದಿನ ಕಂಪ್ಯೂಟರ್, ಬಿಲ್ಲಿಂಗ್. 'ಎರಡು ಸಲ ನರ ಸಿಗದಿದ್ದರೆ ಮೂರನೇ ಸಲ ನೀನು ಚುಚ್ಚಬಾರದು, ಬೇರೆಯವರನ್ನು ಕರೆಯಬೇಕು' ಎಂದೆ. 'ಯಾರನ್ನ ಕರೀಲಿ ದೊಡ್ಡಮ್ಮ?' ಎಂದಳು. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಭಾರತೀಯ ನರ್ಸಿಂಗ್ ಪರಿಷತ್ತಿನ ಲೆಕ್ಕದಲ್ಲಿ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿಗೆ ಮೂವರು ರೋಗಿಗಳಿಗೊಬ್ಬ ನರ್ಸ್, ಉಳಿದ ಆಸ್ಪತ್ರೆಗಳಲ್ಲಿ ಐವರಿಗೊಬ್ಬರು. ನಮ್ಮಲ್ಲಿ ಹಾಗಿತ್ತು ಅಂದರೆ ನನ್ನ ಜೊತೆ ಕೆಲಸ ಮಾಡಿದವರು ನಗುತ್ತಾರೆ. 40 ಹಾಸಿಗೆಗೆ ಇಬ್ಬರೇ ಇದ್ದ ರಾತ್ರಿಗಳು ಎಷ್ಟೋ. ಆದರೂ ಹೊಸಬರನ್ನು ಒಂಟಿಯಾಗಿ ಬಿಡುತ್ತಿರಲಿಲ್ಲ. 1986ರಲ್ಲಿ ನಾನು ಸೇರಿದಾಗ ಕುದಿಸಿ ಬಳಸುವ ಗಾಜಿನ ಸಿರಿಂಜ್. ಮೊದಲ ವಾರವೇ ಎರಡು ಒಡೆದೆ. ಸಂಬಳದಲ್ಲಿ ಹಿಡಿಯುತ್ತಾರೇನೋ ಅಂತ ನಡುಗುತ್ತಿದ್ದೆ. ಇನ್‌ಚಾರ್ಜ್ ಸಿಸ್ಟರ್ 'ಕೈ ಒರೆಸಿಕೊಂಡು ಹಿಡಿಯಮ್ಮ' ಅಂದರು, ಅಷ್ಟೆ. ಮೂರು ತಿಂಗಳು ನಾನು ಎಳೆದ ಒಂದೊಂದು ಸಿರಿಂಜನ್ನೂ ಬೆಳಕಿಗೆ ಹಿಡಿದು ನೋಡಿದರು. ನರವನ್ನು ಕಣ್ಣಲ್ಲಿ ಹುಡುಕಬೇಡ, ಬೆರಳಲ್ಲಿ ಹುಡುಕು ಅಂತ ಕಲಿಸಿದವರೂ ಅವರೇ.

ಇನ್ನೊಂದು ವಿಷಯ. ಇನ್ಸುಲಿನ್ ತಪ್ಪನ್ನು ಇನ್‌ಚಾರ್ಜ್‌ಗೆ ಹೇಳಿದ್ದು ಈ ಹುಡುಗಿಯೇ. ಹೇಳದಿದ್ದರೆ, ತಡೆದ ಆ ಸಿಸ್ಟರ್ ಬಿಟ್ಟು ಬೇರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಾಗದ ಬಂದದ್ದು ಅದಾದ ಮೂರನೇ ದಿನಕ್ಕೆ. ಇದನ್ನು ನೋಡಿದ ಜೊತೆಯವರು ನಾಳೆ ತಮ್ಮ ತಪ್ಪು ಹೇಳುತ್ತಾರಾ? ಅವಳ ಅಸಲಿ ಅಂಕಪಟ್ಟಿಗಳೂ ಆಸ್ಪತ್ರೆಯವರ ಬೀರುವಿನಲ್ಲೇ ಇವೆಯಂತೆ. ತಂಗಿ ಸಾಲ ಮಾಡಿ ಓದಿಸಿದ್ದಾಳೆ.

ಕೆಲಸ ಬಾರದವರನ್ನೂ ಇಟ್ಟುಕೊಳ್ಳಿ ಅಂತ ನಾನು ಕೇಳುತ್ತಿಲ್ಲ. ಮೊದಲ ಮೂರು ತಿಂಗಳು ಹೊಸಬರನ್ನು ಡ್ಯೂಟಿ ಪಟ್ಟಿಯ ಲೆಕ್ಕಕ್ಕೆ ಹಿಡಿಯಬೇಡಿ. ಇಂಥವರು ಕಲಿಸುತ್ತಾರೆ ಅಂತ ಒಬ್ಬ ಹಿರಿಯ ನರ್ಸ್ ಹೆಸರು ಬರೆದುಕೊಡಿ. ಆಮೇಲೂ ಆಗದಿದ್ದರೆ ತೆಗೆಯಿರಿ, ನಾನೇ ಅವಳಿಗೆ ಬೇರೆ ಕೆಲಸ ನೋಡಿಕೋ ಅನ್ನುತ್ತೇನೆ. ಖಾಸಗಿ ಆಸ್ಪತ್ರೆಗಳ ನೋಂದಣಿ ನೋಡಿಕೊಳ್ಳಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲೇ ಪ್ರಾಧಿಕಾರ ಇದೆ, ಅಲ್ವಾ? ಅವರು ಒಮ್ಮೆ ರಾತ್ರಿ ಪಾಳಿಯ ಪಟ್ಟಿ ತರಿಸಿ ನೋಡಲಿ.

ಈ ವಾರವೂ ಅವಳಿಗೆ ನೈಟ್ ಡ್ಯೂಟಿ. ಬೆಳಿಗ್ಗೆ ಆರೂವರೆಗೆ ಬಾಟಲಿ, ಸಿರಿಂಜ್ ಎರಡರದೂ ಫೋಟೊ ಕಳಿಸುತ್ತಾಳೆ. ನಾನು ಕನ್ನಡಕ ಹಾಕಿಕೊಂಡು ನೋಡಿ 'ಸರಿ ಇದೆ, ಕೊಡು' ಅಂತೇನೆ. ತಿಪಟೂರಿನಲ್ಲಿ ಕೂತು ಮಾಡುವ ಕೆಲಸ ಅಲ್ಲ ಇದು, ನನಗೂ ಗೊತ್ತು.

– ಒಬ್ಬ ನಿವೃತ್ತ ನರ್ಸ್, ತಿಪಟೂರು